ಗಂಟಲಿಗಿಳಿದ ಕೊಳವೆ, ಗಡಿ ದಾಟದ ಕಾನೂನು

ಮೊಟ್ಟೆಯೊಡೆದು ಸುಮಾರು ಹನ್ನೆರಡು ವಾರ ಕಳೆದ ಬಾತುಕೋಳಿಯ ಕತ್ತನ್ನು ಕೆಲಸಗಾರನೊಬ್ಬ ಹಿಡಿಯುತ್ತಾನೆ. ಕೊಕ್ಕು ಬಿಡಿಸಿ ಉದ್ದನೆಯ ಕೊಳವೆಯೊಂದನ್ನು ಅನ್ನನಾಳದೊಳಕ್ಕೆ ಇಳಿಸುತ್ತಾನೆ. ಕೆಲವೇ ಸೆಕೆಂಡುಗಳಲ್ಲಿ ಮೆಕ್ಕೆಜೋಳದ ಗಟ್ಟಿ ಅಂಬಲಿ ಅದರ ಹೊಟ್ಟೆ ಸೇರುತ್ತದೆ. ದಿನಕ್ಕೆ ಎರಡು ಸಲ, ಸುಮಾರು ಎರಡು ವಾರ ಇದು ನಡೆಯುತ್ತದೆ. ಹೆಬ್ಬಾತುಗಳಿಗಾದರೆ ದಿನಕ್ಕೆ ಮೂರು ನಾಲ್ಕು ಸಲ, ಇನ್ನೂ ಹೆಚ್ಚು ದಿನ. ಆ ಅವಧಿ ಮುಗಿಯುವಷ್ಟರಲ್ಲಿ ಹಕ್ಕಿಯ ಪಿತ್ತಜನಕಾಂಗ ಸಹಜ ಗಾತ್ರದ ಆರರಿಂದ ಹತ್ತು ಪಟ್ಟು ಬೆಳೆದು, ಕೊಬ್ಬು ತುಂಬಿ, ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಆಗ ಹಕ್ಕಿಯನ್ನು ಕೊಲ್ಲುತ್ತಾರೆ. ಆ ಅಂಗವೇ ‘ಫ್ವಾ ಗ್ರಾ’ ಎಂಬ ದುಬಾರಿ ತಿನಿಸು. ಹೀಗೆ ತುರುಕಿ ತಿನ್ನಿಸುವ ಕ್ರಿಯೆಯನ್ನು ಫ್ರೆಂಚರು ‘ಗವಾಜ್’ ಎನ್ನುತ್ತಾರೆ.

ಇದನ್ನು ಕಾನೂನು ತಡೆಯಬೇಕೇ? ತಡೆಯುವುದಾದರೆ ಎಲ್ಲಿ: ಸಾಕುವ ಶೆಡ್ಡಿನಲ್ಲೋ, ಬಂದರಿನಲ್ಲೋ, ಹೋಟೆಲಿನ ತಟ್ಟೆಯಲ್ಲೋ? ಐವತ್ತು ವರ್ಷಗಳಿಂದ ಹಲವು ದೇಶಗಳ ಸಂಸತ್ತು, ನಗರಸಭೆ, ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿವೆ. ಅವುಗಳ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸತ್ಯ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ನಿಷೇಧಗಳು ಬಂದಿರುವುದು ಯಾರೂ ಏನನ್ನೂ ಕಳೆದುಕೊಳ್ಳಬೇಕಿಲ್ಲದ ಕಡೆ. ಕಳೆದುಕೊಳ್ಳುವವರಿದ್ದೂ ಕಾನೂನು ಬಂದ ಕೆಲವೇ ಜಾಗಗಳಲ್ಲಿ ಅದರ ನಿಜವಾದ ಬಲ ಪರೀಕ್ಷೆಗೆ ಒಳಗಾಗಿದೆ.

ಹಳೆಯ ರೂಢಿ, ಹೊಸ ಉದ್ಯಮ

ಹಕ್ಕಿಗೆ ತುರುಕಿ ತಿನ್ನಿಸುವುದು ಹೊಸತಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸಮಾಧಿಗಳ ಗೋಡೆಗಳ ಮೇಲೆ ಹೆಬ್ಬಾತಿನ ಕತ್ತು ಹಿಡಿದು ಕಾಳಿನುಂಡೆ ತುರುಕುವ ಆಳುಗಳ ಉಬ್ಬುಶಿಲ್ಪಗಳಿವೆ. ರೋಮನ್ನರು ಅಂಜೂರ ತಿನ್ನಿಸಿ ಕೊಬ್ಬಿಸುತ್ತಿದ್ದರು. ಮುಂದೆ ಯೂರೋಪಿನ ಯಹೂದಿ ಸಮುದಾಯಗಳಲ್ಲಿ ಈ ರೂಢಿ ಉಳಿದುಬಂತು. ಹಂದಿಯ ಕೊಬ್ಬು ಅವರಿಗೆ ನಿಷಿದ್ಧ, ಮಾಂಸದ ಜೊತೆ ಬೆಣ್ಣೆಯೂ ನಿಷಿದ್ಧ. ಹಾಗಾಗಿ ಅಡುಗೆಗೆ ಹೆಬ್ಬಾತಿನ ಕೊಬ್ಬೇ ಆಸರೆಯಾಗಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಸ್ಟ್ರಾಸ್‌ಬರ್ಗ್ ಈ ತಿನಿಸಿಗೆ ಹೆಸರುವಾಸಿಯಾಯಿತು. ನೈಋತ್ಯ ಫ್ರಾನ್ಸಿನ ರೈತಮನೆಗಳಲ್ಲಿ ಅಜ್ಜಿಯಂದಿರು ಹತ್ತಿಪ್ಪತ್ತು ಹಕ್ಕಿಗಳಿಗೆ ಕೈಯಾರೆ ತಿನ್ನಿಸಿ ಚಳಿಗಾಲದ ಹಬ್ಬಕ್ಕೆ ಅಣಿಮಾಡುತ್ತಿದ್ದರು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಿತ್ರ ಪೂರ್ತಿ ಬದಲಾಯಿತು. ಹೆಬ್ಬಾತಿನ ಜಾಗಕ್ಕೆ ಬಹುಮಟ್ಟಿಗೆ ‘ಮುಲಾರ್’ ಬಾತು ಬಂತು. ಮಸ್ಕೋವಿ ಗಂಡಿಗೂ ಸಾಮಾನ್ಯ ಸಾಕು ಬಾತಿನ ಹೆಣ್ಣಿಗೂ ಹುಟ್ಟಿಸಿದ ಈ ಮಿಶ್ರತಳಿಗೆ ಸಂತಾನಶಕ್ತಿ ಇಲ್ಲ. ಕೈಯ ಜಾಗಕ್ಕೆ ಪಂಪು ಬಂತು. ಅಂಗಳದ ಜಾಗಕ್ಕೆ ಹಕ್ಕಿ ರೆಕ್ಕೆ ಬಿಚ್ಚಲೂ ಆಗದ ಒಂಟಿ ಪಂಜರ ಬಂತು. ಒಬ್ಬ ಕೆಲಸಗಾರ ನೂರಾರು ಹಕ್ಕಿಗಳಿಗೆ ಒಂದೇ ಸರದಿಯಲ್ಲಿ ತಿನ್ನಿಸುವುದು ಸಾಧ್ಯವಾಯಿತು. ಇಂದು ‘ಪರಂಪರೆ’ಯ ಹೆಸರಿನಲ್ಲಿ ಸಮರ್ಥನೆ ಪಡೆಯುತ್ತಿರುವುದರಲ್ಲಿ ಬಹುಪಾಲು ಈ ಕೈಗಾರಿಕೆಯೇ.

ವಿಜ್ಞಾನ ಕಂಡದ್ದು

ಉದ್ಯಮದ ವಾದಗಳನ್ನು ತಳ್ಳಿಹಾಕುವ ಮೊದಲು ಸರಿಯಾಗಿ ಕೇಳಬೇಕು. ವಲಸೆ ಹಕ್ಕಿಗಳು ದೂರದ ಹಾರಾಟಕ್ಕೆ ಮುಂಚೆ ತಾವಾಗಿಯೇ ವಿಪರೀತ ತಿಂದು ಪಿತ್ತಜನಕಾಂಗದಲ್ಲಿ ಕೊಬ್ಬು ಕೂಡಿಡುತ್ತವೆ. ಅವುಗಳ ಅನ್ನನಾಳ ದೊಡ್ಡ ಮೀನನ್ನೂ ನುಂಗುವಷ್ಟು ಹಿಗ್ಗುತ್ತದೆ. ತಿನ್ನಿಸುವುದನ್ನು ನಿಲ್ಲಿಸಿದರೆ ಅಂಗ ಮತ್ತೆ ಸಹಜ ಗಾತ್ರಕ್ಕೆ ಮರಳುತ್ತದೆ ಎಂದು ಉತ್ಪಾದಕರು ಹೇಳುತ್ತಾರೆ. ತಿನ್ನಿಸುವಾಗ ಒತ್ತಡದ ಹಾರ್ಮೋನು ಗಮನಾರ್ಹವಾಗಿ ಏರುವುದಿಲ್ಲ ಎಂಬ ಫ್ರೆಂಚ್ ಕೃಷಿ ಸಂಶೋಧಕರ ಪ್ರಯೋಗಗಳನ್ನೂ ಮುಂದಿಡುತ್ತಾರೆ.

ಇವೆಲ್ಲವನ್ನೂ ತೂಗಿ ನೋಡಿದ್ದು ಐರೋಪ್ಯ ಆಯೋಗದ ಪ್ರಾಣಿ ಆರೋಗ್ಯ ಮತ್ತು ಪ್ರಾಣಿ ಕಲ್ಯಾಣದ ವೈಜ್ಞಾನಿಕ ಸಮಿತಿ. 1998ರ ಡಿಸೆಂಬರ್‌ನಲ್ಲಿ ಅದು ಕೊಟ್ಟ ವರದಿ ಈ ವಿಷಯದಲ್ಲಿ ಇಂದಿಗೂ ಮೊದಲು ತೆರೆಯಬೇಕಾದ ದಾಖಲೆ. ತಿನ್ನಿಸುವ ಎರಡು ವಾರಗಳಲ್ಲಿ ಸಾಯುವ ಹಕ್ಕಿಗಳ ಪ್ರಮಾಣ ಶೇ 2ರಿಂದ 4 ಎಂದು ಸಮಿತಿ ಗುರುತಿಸಿತು; ಅದೇ ಬಗೆಯ, ಆದರೆ ಹೀಗೆ ತಿನ್ನಿಸದ ಬಾತುಗಳಲ್ಲಿ ಅದು ಶೇ 0.2ರಷ್ಟು. ಉಬ್ಬಿದ ಅಂಗ ಕಾಲುಗಳನ್ನು ಅಗಲಕ್ಕೆ ತಳ್ಳಿ ನಡಿಗೆಯನ್ನು ಕೆಡಿಸುತ್ತದೆ, ಉಸಿರಾಟಕ್ಕೂ ತೊಡಕಾಗುತ್ತದೆ. ಈಗ ರೂಢಿಯಲ್ಲಿರುವ ರೀತಿಯ ಬಲವಂತದ ಉಣಿಕೆ ಹಕ್ಕಿಗಳ ಕ್ಷೇಮಕ್ಕೆ ಹಾನಿಕರ ಎಂಬ ತೀರ್ಮಾನಕ್ಕೆ ಸಮಿತಿ ಬಂತು. ವಲಸೆಯ ವಾದವೂ ದುರ್ಬಲ. ಮಸ್ಕೋವಿಯಾಗಲಿ ಮುಲಾರ್ ಆಗಲಿ ವಲಸೆ ಹೋಗುವ ಹಕ್ಕಿಗಳಲ್ಲ. ವಲಸೆ ಹಕ್ಕಿ ಕೂಡಿಡುವ ಕೊಬ್ಬು ಅದು ಹಾರಲು, ಬದುಕಲು. ಹಾರಲೂ ನಡೆಯಲೂ ಆಗದಂತೆ ಮಾಡುವ ಕೊಬ್ಬಿಗೆ ಪ್ರಕೃತಿಯ ಹೆಸರು ಹೇಳುವುದು ನ್ಯಾಯವಲ್ಲ.

ಐರೋಪ್ಯ ಒಕ್ಕೂಟದ ಕೋಳಿಮಾಂಸ ಮಾರಾಟ ನಿಯಮಗಳಲ್ಲಿ ಒಂದು ಸಾಲಿದೆ. ‘ಫ್ವಾ ಗ್ರಾ’ ಎಂಬ ಹೆಸರು ಪಡೆಯಲು ಬಾತಿನ ಪಿತ್ತಜನಕಾಂಗ ಕನಿಷ್ಠ 300 ಗ್ರಾಂ, ಹೆಬ್ಬಾತಿನದು ಕನಿಷ್ಠ 400 ಗ್ರಾಂ ತೂಗಬೇಕು. ಆರೋಗ್ಯವಂತ ಬಾತಿನ ಪಿತ್ತಜನಕಾಂಗದ ತೂಕ ನೂರು ಗ್ರಾಂ ಮುಟ್ಟುವುದಿಲ್ಲ. ಹಾನಿಯೆಂದು ತನ್ನದೇ ವಿಜ್ಞಾನಿಗಳು ಹೇಳಿದ ಸ್ಥಿತಿಯನ್ನು ಮಾರುಕಟ್ಟೆಯ ಅರ್ಹತೆಯಾಗಿ ಇದೇ ಒಕ್ಕೂಟ ಬರೆದಿಟ್ಟಿದೆ. ಬಲವಂತವಿಲ್ಲದೆ ಸಾಕಿದ ರೈತನಿಗೆ ಆ ಹೆಸರು ಸಿಗುವ ದಾರಿಯನ್ನೂ ಈ ಸಾಲು ಬಹುಮಟ್ಟಿಗೆ ಮುಚ್ಚುತ್ತದೆ.

ನಿಷೇಧಿಸಿದವರು, ರಕ್ಷಿಸಿದವರು

ಮೊದಲ ನಿಷೇಧಗಳು ಉತ್ತರ ಮತ್ತು ಮಧ್ಯ ಯೂರೋಪಿನಿಂದ ಬಂದವು. ನಾರ್ವೆ 1974ರಲ್ಲಿ, ಸ್ವಿಟ್ಜರ್ಲೆಂಡ್ 1978ರಲ್ಲಿ, ಡೆನ್ಮಾರ್ಕ್ 1991ರಲ್ಲಿ ನಿಷೇಧಿಸಿದವು. ಆರೋಗ್ಯದ ಕಾರಣವಿಲ್ಲದೆ ಪ್ರಾಣಿಗೆ ಬಲವಂತವಾಗಿ ತಿನ್ನಿಸುವುದನ್ನು ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಆಸ್ಟ್ರಿಯಾ, ಫಿನ್ಲೆಂಡ್, ಝೆಕ್ ಗಣರಾಜ್ಯ, ಇಟಲಿಗಳೂ ಪಟ್ಟಿಯಲ್ಲಿವೆ. ಬ್ರಿಟನ್ನಿನಲ್ಲಿ ಈ ಪದ್ಧತಿಯನ್ನು ಹೆಸರಿಸುವ ಕಾಯ್ದೆಯಿಲ್ಲ. ಪ್ರಾಣಿ ಕಲ್ಯಾಣದ ಸಾಮಾನ್ಯ ಕಾನೂನೇ ಅದಕ್ಕೆ ಎಡೆಗೊಡುವುದಿಲ್ಲ. ಅಟ್ಲಾಂಟಿಕ್ ಆಚೆ ಅರ್ಜೆಂಟೀನಾ 2003ರಲ್ಲಿ ಇದೇ ದಾರಿ ಹಿಡಿಯಿತು.

ಈ ದೇಶಗಳಲ್ಲಿ ಬಹುತೇಕ ಕಡೆ ನಿಷೇಧ ಬಂದಾಗ ಹೇಳಿಕೊಳ್ಳುವಂಥ ಉದ್ಯಮವೇ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಉತ್ಪಾದನೆ ನಿಷಿದ್ಧವಾದರೂ ಮಾರಾಟಕ್ಕೆ ಅಡ್ಡಿಯಿಲ್ಲ. ಕೋಪನ್‌ಹೇಗನ್ನಿನಲ್ಲೋ ಲಂಡನ್ನಿನಲ್ಲೋ ಕೊಳವೆ ಇಳಿಸಿದರೆ ಅಪರಾಧ, ಫ್ರಾನ್ಸಿನಲ್ಲಿ ಕೊಳವೆ ಇಳಿಸಿ ಪಡೆದದ್ದನ್ನು ಅದೇ ಊರುಗಳಲ್ಲಿ ಮಾರಿದರೆ ವ್ಯಾಪಾರ. ಒಕ್ಕೂಟದ ಒಳಗೆ ಸರಕುಗಳ ಮುಕ್ತ ಸಾಗಾಟ ಮೂಲ ನಿಯಮವಾದ್ದರಿಂದ, ಒಂದು ಸದಸ್ಯ ದೇಶ ಮನಸ್ಸು ಮಾಡಿದರೂ ನೆರೆಯ ದೇಶದ ಸರಕನ್ನು ತಡೆಯುವುದು ಕಷ್ಟ. ಸ್ವಿಟ್ಜರ್ಲೆಂಡ್ ಒಕ್ಕೂಟದ ಹೊರಗಿದ್ದೂ ದಶಕಗಳ ಕಾಲ ಆಮದು ಮಾಡಿಕೊಳ್ಳುತ್ತಲೇ ಬಂದಿದೆ. ಬಲವಂತದ ಉಣಿಕೆಯಿಂದ ಬಂದ ಸರಕಿನ ಮೇಲೆ ಹಾಗೆಂದು ಬರೆಯಬೇಕೆಂಬ ನಿಯಮ ಅಲ್ಲಿ ಜಾರಿಗೆ ಬಂದದ್ದೇ 2025ರಲ್ಲಿ.

ಪೋಲೆಂಡ್ ಇದಕ್ಕೆ ಒಂದು ಅಪವಾದ. ದೊಡ್ಡ ಉತ್ಪಾದಕ ದೇಶಗಳಲ್ಲಿ ಒಂದಾಗಿದ್ದೂ ಅದು 1999ರಿಂದ ಈ ಪದ್ಧತಿಯನ್ನು ಕೈಬಿಟ್ಟಿತು. ಬೆಲ್ಜಿಯಂನಲ್ಲಿ ಎರಡೂ ಬಗೆಯನ್ನು ನೋಡಬಹುದು. ಬ್ರಸೆಲ್ಸ್ ಪ್ರಾಂತ್ಯ ಉತ್ಪಾದಕರೇ ಇಲ್ಲದಿದ್ದಾಗ ನಿಷೇಧಿಸಿತು, ಫ್ಲಾಂಡರ್ಸ್ ಒಬ್ಬನೇ ಉಳಿದಿದ್ದಾಗ ನಿಷೇಧಿಸಿತು, ಉತ್ಪಾದಕರಿರುವ ವಲೋನಿಯಾದಲ್ಲಿ ಉದ್ಯಮ ನಡೆದೇ ಇದೆ.

ಇನ್ನೊಂದು ಬದಿಯಲ್ಲಿ ಫ್ರಾನ್ಸ್, ಹಂಗೇರಿ, ಬಲ್ಗೇರಿಯ, ಸ್ಪೇನ್ ಇವೆ. ಬಾತಿನ ಉತ್ಪಾದನೆಯಲ್ಲಿ ಫ್ರಾನ್ಸ್, ಹೆಬ್ಬಾತಿನ ಉತ್ಪಾದನೆಯಲ್ಲಿ ಹಂಗೇರಿ ಮುಂದು. ಯೂರೋಪ್ ಪರಿಷತ್ತು 1999ರಲ್ಲಿ ಮಾಡಿದ ಶಿಫಾರಸುಗಳು ಈ ಪದ್ಧತಿ ಈಗಾಗಲೇ ಇರುವ ಕಡೆಗೆ ಮಾತ್ರ ಸೀಮಿತವಾಗಬೇಕು, ಹೊಸ ಜಾಗಗಳಿಗೆ ಹರಡಬಾರದು ಎಂದವು. ಒಂಟಿ ಪಂಜರಗಳನ್ನು ಹಂತಹಂತವಾಗಿ ಕೈಬಿಡಲು ಹೇಳಿದವು. ಆ ಪಂಜರಗಳು ಫ್ರಾನ್ಸಿನಿಂದ ಮರೆಯಾಗಲು 2015ರ ಕೊನೆಯವರೆಗೆ ಕಾಯಬೇಕಾಯಿತು. ನಡುವೆ, 2006ರಲ್ಲಿ, ಫ್ರೆಂಚ್ ಸಂಸತ್ತು ತನ್ನ ಗ್ರಾಮೀಣ ಸಂಹಿತೆಗೆ ಒಂದು ಕಲಮು ಸೇರಿಸಿ ಫ್ವಾ ಗ್ರಾವನ್ನು ಸಂರಕ್ಷಿತ ಸಾಂಸ್ಕೃತಿಕ ಮತ್ತು ಪಾಕ ಪರಂಪರೆಯ ಭಾಗವೆಂದು ಘೋಷಿಸಿತು. ವ್ಯಾಖ್ಯೆಯಲ್ಲಿ ಬಲವಂತದ ಉಣಿಕೆಯನ್ನೂ ಸೇರಿಸಿತು. ಹಕ್ಕಿ ನರಳುತ್ತದೆಯೇ ಎಂಬ ಪ್ರಶ್ನೆಗೆ ಆ ಕಲಮಿನಲ್ಲಿ ಉತ್ತರವಿಲ್ಲ. ಆದರೂ ಫ್ರಾನ್ಸಿನ ಒಳಗೇ ಚಲನೆಯಿದೆ. ಸ್ಟ್ರಾಸ್‌ಬರ್ಗ್, ಲಿಯೋನ್, ಗ್ರೆನೋಬ್ಲ್ ನಗರಾಡಳಿತಗಳು ತಮ್ಮ ಅಧಿಕೃತ ಔತಣಗಳಿಂದ ಈ ತಿನಿಸನ್ನು ಕೈಬಿಟ್ಟವು. ಇದಕ್ಕೆ ಹೆಸರು ತಂದುಕೊಟ್ಟ ಊರೇ ಹೀಗೆ ಮಾಡಿದ್ದು ಸಣ್ಣ ಮಾತಲ್ಲ.

ಇಸ್ರೇಲಿನ ತೀರ್ಪು

ಈ ಇಡೀ ಚರಿತ್ರೆಯಲ್ಲಿ ನನ್ನ ಗೌರವ ಮೊದಲು ಸಲ್ಲುವುದು ಇಸ್ರೇಲಿನ ಸುಪ್ರೀಂ ಕೋರ್ಟಿಗೆ. ಆಗ ಇಸ್ರೇಲ್ ಜಗತ್ತಿನ ಮುಂಚೂಣಿಯ ಉತ್ಪಾದಕ ದೇಶಗಳಲ್ಲಿ ಒಂದು. 1994ರ ಅಲ್ಲಿನ ಕಾನೂನು ಪ್ರಾಣಿಗಳಿಗೆ ಚಿತ್ರಹಿಂಸೆ ಕೊಡುವುದನ್ನು, ಕ್ರೌರ್ಯ ತೋರುವುದನ್ನು ತಡೆಯುತ್ತಿತ್ತು. ಅದರಡಿ ಸರ್ಕಾರ 2001ರಲ್ಲಿ ಹೆಬ್ಬಾತುಗಳಿಗೆ ಬಲವಂತವಾಗಿ ತಿನ್ನಿಸುವ ಬಗ್ಗೆ ನಿಯಮಗಳನ್ನು ತಂದಿತು. ಅವು ಪದ್ಧತಿಯನ್ನು ಮುಟ್ಟಲಿಲ್ಲ, ಅದರ ವಿವರಗಳನ್ನಷ್ಟೇ ತಿದ್ದಿದವು. ‘ನೋಆ’ ಎಂಬ ಪ್ರಾಣಿ ರಕ್ಷಣಾ ಸಂಘಟನೆಗಳ ಒಕ್ಕೂಟ ಅವನ್ನು ಪ್ರಶ್ನಿಸಿತು.

2003ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಿಂದ ತೀರ್ಪು ಕೊಟ್ಟಿತು. ಬಹುಮತದ ಮುಖ್ಯ ಅಭಿಪ್ರಾಯ ಬರೆದವರು ನ್ಯಾಯಮೂರ್ತಿ ತೋವಾ ಸ್ಟ್ರಾಸ್‌ಬರ್ಗ್-ಕೊಹೆನ್. ಜೊತೆಗೂಡಿದವರು ಎಲಿಯೆಜರ್ ರಿವ್ಲಿನ್, ಭಿನ್ನಮತ ಆಷರ್ ಗ್ರುನಿಸ್ ಅವರದು. ಮನುಷ್ಯನ ಆಹಾರಕ್ಕೆ ಪ್ರಾಣಿಗಳನ್ನು ಸಾಕುವುದನ್ನು ಕಾನೂನು ಒಪ್ಪುತ್ತದೆ, ಆದರೆ ಆ ಒಪ್ಪಿಗೆ ಎಲ್ಲ ಬಗೆಯ ನೋವಿಗೂ ರಹದಾರಿಯಲ್ಲ ಎಂಬುದು ಬಹುಮತದ ತಿರುಳು. ಉದ್ದೇಶ ಎಷ್ಟು ಮಹತ್ವದ್ದು, ಅದಕ್ಕಾಗಿ ಕೊಡುವ ನೋವು ಎಷ್ಟು ಎಂದು ತೂಗಬೇಕು. ಹಸಿವು ನೀಗಿಸುವ ಆಹಾರಕ್ಕೂ ನಾಲಿಗೆಯ ಐಷಾರಾಮಕ್ಕೂ ಆ ತೂಗಿನಲ್ಲಿ ಒಂದೇ ಬೆಲೆಯಿಲ್ಲ.

ಪೀಠ ಹಕ್ಕಿಗಳ ಕಡೆ ನೋಡಿದಂತೆಯೇ ರೈತರ ಕಡೆಗೂ ನೋಡಿತು. ಈ ಕಸುಬನ್ನು ನಂಬಿದ್ದವರಲ್ಲಿ ಅನೇಕರು ಹಿಂದೆ ಸರ್ಕಾರದ ಪ್ರೋತ್ಸಾಹದಿಂದಲೇ ಅದಕ್ಕೆ ಇಳಿದವರು. ಹಾಗಾಗಿ ನಿಯಮಗಳ ರದ್ದತಿ ಜಾರಿಗೆ ಬರಲು 2005ರ ಮಾರ್ಚ್ 31ರವರೆಗೆ ಕಾಲಾವಕಾಶ ಕೊಟ್ಟಿತು. ನಡೆಯುತ್ತಿದ್ದ, ಲಾಭ ತರುತ್ತಿದ್ದ ಉದ್ಯಮವೊಂದನ್ನು ಕ್ರೌರ್ಯದ ಕಾರಣಕ್ಕೆ ನಿಲ್ಲಿಸಬಹುದು, ಆದರೆ ಅದರಲ್ಲಿ ದುಡಿಯುವವರನ್ನು ರಾತ್ರೋರಾತ್ರಿ ಬೀದಿಗೆ ತಳ್ಳಬಾರದು ಎಂಬ ಎರಡು ಮಾತನ್ನೂ ಒಟ್ಟಿಗೆ ಹೇಳಿದ ತೀರ್ಪು ಇದು.

ಅಮೆರಿಕ: ತಟ್ಟೆಯ ಮೇಲಿನ ಜಗಳ

ಮಾರಾಟವನ್ನೇ ತಡೆಯುವ ಪ್ರಯೋಗ ಅಮೆರಿಕದಲ್ಲಿ ನಡೆಯಿತು. ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಬರ್ಟನ್ ತಂದ ಮಸೂದೆಗೆ 2004ರಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ಼್‌ನೆಗರ್ ಸಹಿ ಹಾಕಿದರು. ಪಿತ್ತಜನಕಾಂಗವನ್ನು ಸಹಜಕ್ಕಿಂತ ಹಿಗ್ಗಿಸಲು ಹಕ್ಕಿಗೆ ಬಲವಂತವಾಗಿ ತಿನ್ನಿಸುವುದೂ ಹಾಗೆ ಪಡೆದದ್ದನ್ನು ರಾಜ್ಯದಲ್ಲಿ ಮಾರುವುದೂ ನಿಷಿದ್ಧವಾಯಿತು. ಬೇರೆ ವಿಧಾನ ಹುಡುಕಿಕೊಳ್ಳಲೆಂದು ಏಳೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಟ್ಟು, 2012ರ ಜುಲೈ 1ರಿಂದ ಕಾನೂನು ಜಾರಿಗೆ ಬಂತು. ರಾಜ್ಯದ ಏಕೈಕ ಉತ್ಪಾದಕ ಸಂಸ್ಥೆ ಸೊನೋಮಾ ಫ್ವಾ ಗ್ರಾ ಬಾಗಿಲು ಹಾಕಿತು.

ಆಮೇಲಿನ ಹತ್ತು ವರ್ಷ ನ್ಯಾಯಾಲಯಗಳಲ್ಲೇ ಕಳೆಯಿತು. ಕೋಳಿಮಾಂಸದ ತಪಾಸಣೆಗೆ ಕೇಂದ್ರದ ಕಾನೂನು ಇರುವಾಗ ಸರಕಿನ ‘ಘಟಕಾಂಶ’ದ ಬಗ್ಗೆ ರಾಜ್ಯ ಬೇರೆ ಷರತ್ತು ಹಾಕುವಂತಿಲ್ಲ ಎಂದು 2015ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶರು ಮಾರಾಟ ನಿಷೇಧವನ್ನು ತೆಗೆದುಹಾಕಿದರು. ಹಕ್ಕಿಗೆ ಹೇಗೆ ತಿನ್ನಿಸಿದರು ಎಂಬುದು ಘಟಕಾಂಶದ ಪ್ರಶ್ನೆಯೇ ಅಲ್ಲವೆಂದು 2017ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಿರುಗಿಸಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹೊರರಾಜ್ಯದ ಮಾರಾಟಗಾರರಿಂದ ಜನ ತಮಗಾಗಿ ತರಿಸಿಕೊಳ್ಳಲು ಅಡ್ಡಿಯಿಲ್ಲ ಎಂಬ 2020ರ ಆದೇಶದಿಂದ ಒಂದು ಕಿಂಡಿ ಮಾತ್ರ ಉಳಿಯಿತು. 2023ರ ಮೇ ತಿಂಗಳಲ್ಲಿ ಹಂದಿ ಸಾಕಣೆಯ ಬೇರೊಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ತನ್ನ ನೆಲದಲ್ಲಿ ಕ್ರೌರ್ಯದ ಸರಕು ಮಾರಾಟವಾಗಬಾರದೆಂದು ಷರತ್ತು ಹಾಕುವ ಕ್ಯಾಲಿಫೋರ್ನಿಯಾದ ಅಧಿಕಾರವನ್ನು ಎತ್ತಿಹಿಡಿಯಿತು. ಅದೇ ತಿಂಗಳು ಫ್ವಾ ಗ್ರಾ ಉತ್ಪಾದಕರ ಕೊನೆಯ ಅರ್ಜಿಯೂ ತಿರಸ್ಕೃತವಾಯಿತು.

ನಗರಗಳ ಅನುಭವ ಬೇರೆ. ಶಿಕಾಗೊ ನಗರಸಭೆ 2006ರಲ್ಲಿ ಹೋಟೆಲುಗಳಲ್ಲಿ ಮಾರಾಟವನ್ನು ನಿಷೇಧಿಸಿತು. ಮೇಯರ್ ರಿಚರ್ಡ್ ಡೇಲಿ ಬಹಿರಂಗವಾಗಿಯೇ ವಿರೋಧಿಸಿದರು. ಕೆಲವು ಹೋಟೆಲುಗಳು ಬೇರೇನೋ ಮಾರಿ ಇದನ್ನು ‘ಉಚಿತ’ವಾಗಿ ಬಡಿಸಿದವು. ಎರಡೇ ವರ್ಷದಲ್ಲಿ, 2008ರಲ್ಲಿ, ನಗರಸಭೆ ತನ್ನದೇ ಕಟ್ಟಳೆಯನ್ನು ಹಿಂತೆಗೆದುಕೊಂಡಿತು. ನ್ಯೂಯಾರ್ಕ್ ನಗರ 2019ರಲ್ಲಿ ಅಂಥದೇ ಕಾನೂನು ಮಾಡಿತು. ಆದರೆ ಅಮೆರಿಕದ ಫ್ವಾ ಗ್ರಾದ ಬಹುಪಾಲು ಬರುವುದು ಅದೇ ರಾಜ್ಯದ ಹಡ್ಸನ್ ಕಣಿವೆಯ ಕಡೆಯಿಂದ; ಅಲ್ಲಿನ ಎರಡು ಫಾರ್ಮುಗಳಲ್ಲಿ ನೂರಾರು ಕಾರ್ಮಿಕರಿದ್ದಾರೆ. ಕೃಷಿ ವಲಯದ ರೈತರನ್ನು ಸ್ಥಳೀಯ ಸಂಸ್ಥೆಗಳ ಅತಿ ನಿರ್ಬಂಧಗಳಿಂದ ಕಾಯುವ ರಾಜ್ಯದ ಕಾನೂನನ್ನು ಅವು ಆಶ್ರಯಿಸಿದವು. 2022ರಲ್ಲಿ ತಡೆಯಾಜ್ಞೆ ಬಂತು, 2024ರಲ್ಲಿ ನಗರದ ನಿಷೇಧ ಬಿದ್ದುಹೋಯಿತು. ಕಾನೂನು ಎಷ್ಟು ವಿಸ್ತಾರದ ನೆಲವನ್ನು ಆಳುತ್ತದೆ, ಸೋತವರಿಗೆ ಎಷ್ಟು ಕಾಲ ಕೊಡುತ್ತದೆ ಎಂಬುದರ ಮೇಲೆ ಅದರ ಆಯುಸ್ಸು ನಿಂತಿದೆ ಎಂಬುದನ್ನು ಈ ಮೂರು ಕಡೆಯ ಕಥೆ ಕಲಿಸುತ್ತದೆ.

ಭಾರತದ ಬಂದರು, ಭಾರತದ ಶೆಡ್ಡು

2014ರ ಜುಲೈ 3ರಂದು ನಮ್ಮ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅಧಿಸೂಚನೆಯೊಂದನ್ನು ಹೊರಡಿಸಿತು. ಆಮದು ಪಟ್ಟಿಯಲ್ಲಿ ಫ್ವಾ ಗ್ರಾ ‘ಮುಕ್ತ’ ವರ್ಗದಿಂದ ‘ನಿಷಿದ್ಧ’ ವರ್ಗಕ್ಕೆ ಸೇರಿತು. ಯೂರೋಪಿನ ದೇಶಗಳು ಉತ್ಪಾದನೆಯನ್ನು ತಡೆದು ಆಮದನ್ನು ಬಿಟ್ಟಿದ್ದರೆ, ಭಾರತ ಆಮದನ್ನೇ ತಡೆದ ಮೊದಲ ದೇಶವಾಯಿತು. ಅದೇ ವರ್ಷ ಸೀಲ್ ಪ್ರಾಣಿಯ ಉತ್ಪನ್ನಗಳ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ, ಪ್ರಾಣಿಗಳ ಮೇಲಿನ ಕ್ರೌರ್ಯದ ಬಗ್ಗೆ ಒಂದು ಸಮಾಜಕ್ಕಿರುವ ನೈತಿಕ ಕಳಕಳಿ ವ್ಯಾಪಾರ ನಿರ್ಬಂಧಕ್ಕೆ ಆಧಾರವಾಗಬಲ್ಲದು ಎಂದು ಒಪ್ಪಿಕೊಂಡಿತ್ತು. ಬಂದರಿನಲ್ಲಿ ನಿಲ್ಲಿಸಲು ಬರುವುದೇ ಇಲ್ಲ ಎಂಬ ವಾದ ಅಲ್ಲಿಗೆ ಬಲ ಕಳೆದುಕೊಂಡಿತು.

ನಮ್ಮ ನಿಷೇಧ ಸರಿಯಾದದ್ದು, ಹೆಮ್ಮೆಪಡಬೇಕಾದದ್ದು. ಆದರೆ ಅದರಿಂದ ನಮ್ಮಲ್ಲಿ ಯಾವ ರೈತನೂ ಏನನ್ನೂ ಕಳೆದುಕೊಳ್ಳಲಿಲ್ಲ. ಕೆಲವು ಪಂಚತಾರಾ ಹೋಟೆಲುಗಳ ಪಟ್ಟಿಯಿಂದ ಒಂದು ತಿನಿಸು ಹೋಯಿತು, ಅಷ್ಟೆ. ನೆಲದ ಕಾನೂನಿನ ಸ್ಥಿತಿ ಬೇರೆಯೇ ಇದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಬಂದ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಹಸುವಿನಿಂದ ಹೆಚ್ಚು ಹಾಲು ಹಿಂಡಲು ಮಾಡುವ ‘ಫೂಕಾ’ ಎಂಬ ಹಿಂಸೆಯನ್ನು ಅದು ಹೆಸರಿಸಿ ತಡೆಯಿತು, ಎರಡು ವರ್ಷದವರೆಗೆ ಸೆರೆವಾಸ ವಿಧಿಸಿತು. ಬಲವಂತದ ಉಣಿಕೆಯ ಹೆಸರು ಕಾಯ್ದೆಯಲ್ಲಿಲ್ಲ. ಅದು ಬರಬಹುದಾದದ್ದು ಅನಗತ್ಯ ನೋವಿನ ಸಾಮಾನ್ಯ ಕಲಮಿನಡಿ ಮಾತ್ರ. ಅಲ್ಲಿ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ದಂಡ ಹೆಚ್ಚಿಸುವ ಕರಡು ತಿದ್ದುಪಡಿಯನ್ನು 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜನರ ಮುಂದಿಟ್ಟಿತ್ತು.

ಪರಂಪರೆಯ ಪ್ರಶ್ನೆ ಕನ್ನಡಿಗರಿಗೆ ದೂರದ್ದೇನಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪ್ರಕರಣದಲ್ಲಿ 2014ರ ಮೇ 7ರಂದು ನಮ್ಮ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ತಡೆದಾಗ ಕರಾವಳಿಯ ಕಂಬಳಕ್ಕೂ ಅದರ ಬಿಸಿ ತಟ್ಟಿತು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳದ ಕೋಣವೂ ಪಂಜರದ ಬಾತೂ ಒಂದೇ ಎನ್ನಲು ಬಾರದು, ಅವುಗಳ ಬದುಕಿನ ರೀತಿಯೇ ಬೇರೆ. ಕಾನೂನುಗಳೂ ಬೇರೆ. ಕರ್ನಾಟಕದ ತಿದ್ದುಪಡಿ ಸಂಸ್ಕೃತಿಯನ್ನು ಒಪ್ಪುವಾಗ ಪ್ರಾಣಿಗೆ ಅನಗತ್ಯ ನೋವಾಗಬಾರದೆಂಬ ಷರತ್ತನ್ನು ಜೊತೆಗಿಟ್ಟಿತು. ಫ್ರಾನ್ಸಿನ ಕಲಮಿನಲ್ಲಿ ಅಂಥ ಷರತ್ತಿಲ್ಲ. ಪರಂಪರೆಯನ್ನು ಗೌರವಿಸುವ ಕಾನೂನು ಪ್ರಾಣಿಯ ಕಡೆಯಿಂದಲೂ ಒಂದು ಮಾತು ಕೇಳಲೇಬೇಕು. ಆ ಷರತ್ತನ್ನು ಕಾಗದದಲ್ಲಿ ಬಿಡದೆ ಗದ್ದೆಯಲ್ಲಿ ಪಾಲಿಸುವ ಹೊಣೆ ನಮ್ಮದು.

ಮುಂದಿನ ದಾರಿ

ಬಲವಂತವಿಲ್ಲದೆಯೂ ಈ ತಿನಿಸು ಸಾಧ್ಯವೆಂದು ತೋರಿಸಿದವರಿದ್ದಾರೆ. ಸ್ಪೇನಿನ ಎಕ್ಸ್‌ಟ್ರೆಮಡೂರಾದಲ್ಲಿ ಎಡ್ವಾರ್ಡೊ ಸೌಸಾ ಬಯಲಿನಲ್ಲಿ ಬಿಟ್ಟು ಸಾಕಿದ ಹೆಬ್ಬಾತುಗಳು ಚಳಿಗಾಲಕ್ಕೆ ಮುಂಚೆ ತಾವಾಗಿಯೇ ಹೊಟ್ಟೆತುಂಬ ಮೇಯುವುದನ್ನು ನೆಚ್ಚಿಕೊಂಡರು. 2006ರಲ್ಲಿ ಪ್ಯಾರಿಸ್ಸಿನ ಆಹಾರ ಮೇಳದಲ್ಲಿ ಅವರಿಗೆ ಪ್ರಶಸ್ತಿಯೂ ಬಂತು. ಆದರೆ ವರ್ಷಕ್ಕೊಮ್ಮೆ ಮಾತ್ರ ಸಿಗುವ ಆ ಫಸಲು ಚಿಕ್ಕದು. ಜೀವಕೋಶಗಳಿಂದ ಇದನ್ನು ಬೆಳೆಸುವ ಫ್ರೆಂಚ್ ಕಂಪನಿ ಗೂರ್ಮೆ 2024ರಲ್ಲಿ ಐರೋಪ್ಯ ಒಕ್ಕೂಟದ ಅನುಮತಿಗೆ ಅರ್ಜಿ ಹಾಕಿದೆ. ಇನ್ನೊಂದು ಕಡೆ ಚೀನಾದಲ್ಲಿ ಅನ್ಹುಯಿ ಪ್ರಾಂತ್ಯದ ಹುವೊಚಿಯು ಮುಂತಾದೆಡೆ ಇದೇ ಉದ್ಯಮ ದೊಡ್ಡದಾಗಿ ಬೆಳೆದಿದೆ. ಒಂದು ದೇಶ ಶೆಡ್ಡನ್ನು ಮುಚ್ಚಿ ಬಂದರನ್ನು ತೆರೆದಿಟ್ಟರೆ ನೋವು ಕಡಿಮೆಯಾಗುವುದಿಲ್ಲ, ವಿಳಾಸ ಬದಲಿಸುತ್ತದೆ.

ಉತ್ಪಾದಕರ ಒಂದು ದೂರನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಶ್ರೀಮಂತರ ತಟ್ಟೆಯ ಅಪರೂಪದ ತಿನಿಸನ್ನು ಗುರಿಮಾಡುವುದು ಸುಲಭ, ಕೋಟ್ಯಂತರ ಮಾಮೂಲಿ ಕೋಳಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ ಎನ್ನುತ್ತಾರೆ ಅವರು. ನಿಜ. ಆರೇಳು ವಾರಗಳಲ್ಲಿ ಎರಡು ಕಿಲೋ ತೂಗುವಂತೆ ತಳಿ ಬೆಳೆಸಿದ ಬ್ರಾಯ್ಲರ್ ಕೋಳಿಗೆ ಕೊಳವೆ ಬೇಕಿಲ್ಲ. ಕಾಲುಗಳು ಹೊರಲಾರದ ಮೈಯನ್ನು ಅದರ ರಕ್ತದಲ್ಲೇ ಬರೆದಿಟ್ಟಿದ್ದೇವೆ. ಐರೋಪ್ಯ ಒಕ್ಕೂಟ 2012ರಿಂದ ಕೈಬಿಟ್ಟ ಬರಿಯ ಬ್ಯಾಟರಿ ಪಂಜರಗಳಲ್ಲಿ ನಮ್ಮ ಮೊಟ್ಟೆಕೋಳಿಗಳು ಬದುಕುತ್ತಿವೆ. ಭಾರತದ ಕಾನೂನು ಆಯೋಗ 2017ರ ತನ್ನ 269ನೆಯ ವರದಿಯಲ್ಲಿ ಮೊಟ್ಟೆಕೋಳಿ ಮತ್ತು ಬ್ರಾಯ್ಲರ್‌ಗಳ ಸಾಕಣೆ, ಸಾಗಣೆಗೆ ಬಿಗಿಯಾದ ನಿಯಮಗಳನ್ನು ಶಿಫಾರಸು ಮಾಡಿತು. ಆದರೆ ಸಣ್ಣ ಕ್ರೌರ್ಯವನ್ನು ಮೊದಲು ತಡೆದದ್ದು ತಪ್ಪೆಂದು ಈ ದೂರು ಸಾಬೀತು ಮಾಡುವುದಿಲ್ಲ. ಅಲ್ಲಿಗೇ ನಿಂತುಬಿಡಬಾರದೆಂದು ಹೇಳುತ್ತದೆ.

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ಬಲವಂತದ ಉಣಿಕೆಯನ್ನು ಫೂಕಾದಂತೆ ಕಾಯ್ದೆಯಲ್ಲಿ ಹೆಸರಿಸಿ ತಡೆಯಬೇಕು. ಆಗ ಈ ಉದ್ಯಮ ನಾಳೆ ನಮ್ಮ ನೆಲದಲ್ಲಿ ಬೇರೂರಲಾರದು. 50 ರೂಪಾಯಿಯ ದಂಡವನ್ನು ಅಪರಾಧಕ್ಕೆ ತಕ್ಕ ಶಿಕ್ಷೆಯಾಗಿಸಬೇಕು. ಕಾನೂನು ಆಯೋಗದ ಶಿಫಾರಸುಗಳನ್ನು ಪೂರ್ತಿ ಜಾರಿಗೆ ತರಬೇಕು. ಇಸ್ರೇಲಿನ ಪೀಠ ತೋರಿಸಿದಂತೆ ಕೋಳಿ ಸಾಕುವವರಿಗೆ ಕಾಲಾವಕಾಶವನ್ನೂ, ಹೊಸ ಪದ್ಧತಿಗೆ ಹೊರಳಲು ಸರ್ಕಾರದ ನೆರವನ್ನೂ ಕೊಡಬೇಕು. ಇದರಿಂದ ಮೊಟ್ಟೆಯ ಬೆಲೆ ಏರೀತು, ಮಾಂಸದ ಬೆಲೆಯೂ ಏರೀತು. ಬಡವನ ತಟ್ಟೆಯ ಮೇಲೆ ಆ ಭಾರ ಬೀಳದಂತೆ ನೋಡಿಕೊಳ್ಳುವುದು ನೀತಿಯ ಕೆಲಸ, ಅದನ್ನೇ ನೆಪವಾಗಿಸಿ ಕೈಕಟ್ಟಿ ಕೂರುವುದಲ್ಲ. ತನ್ನಲ್ಲಿಲ್ಲದ ಕ್ರೌರ್ಯವನ್ನು ನಿಷೇಧಿಸಲು ಯಾವ ದೇಶಕ್ಕೂ ಕಷ್ಟವಾಗಿಲ್ಲ. ತನ್ನ ದಿನದ ಊಟದಲ್ಲಿರುವ ಕ್ರೌರ್ಯವನ್ನು ಬೆಲೆ ತೆತ್ತು ತಡೆದ ದಿನವೇ 2014ರ ನಮ್ಮ ಅಧಿಸೂಚನೆಗೂ ಪೂರ್ತಿ ಅರ್ಥ ಬರುತ್ತದೆ.